ಡಿ ದರ್ಜೆಯ ಮಗಳು

ನ್ಯೂಜೆರ್ಸಿ ರಾಜ್ಯದ ಕಾನೂನಿನ ಕಣ್ಣಿಗೆ, ಆರನೆಯ ವಯಸ್ಸಿನಿಂದ ನಾನು ಸಾಕಿದ ಹುಡುಗಿಯೂ ನಮ್ಮ ಬೀದಿಗೆ ಟಪಾಲು ಹಂಚುವ ಪೋಸ್ಟ್‌ಮ್ಯಾನೂ ನನಗೆ ಒಂದೇ. ನಾನು ಸತ್ತ ಮೇಲೆ ಈಸ್ಟ್ ಬ್ರನ್ಸ್‌ವಿಕ್‌ನ ನನ್ನ ಮನೆ ಪೋಸ್ಟ್‌ಮ್ಯಾನಿಗೆ ಹೋದರೆ ಅವನು ನೂರಕ್ಕೆ ಹದಿನೈದು ತೆರಿಗೆ ಕಟ್ಟಬೇಕು. ಅವಳಿಗೆ ಹೋದರೆ ಅವಳೂ ಅಷ್ಟೇ ಕಟ್ಟಬೇಕು. ಇದು ನನಗೆ ತಿಳಿದದ್ದು ಮನ್ರೋದ ಒಂದು ಹೊಸ ಮನೆಯ ಬೇಸ್‌ಮೆಂಟಿನಲ್ಲಿ, ಸತ್ಯನಾರಾಯಣ ಪೂಜೆ ಮುಗಿದು ಪೇಪರ್ ಪ್ಲೇಟಿನಲ್ಲಿ ಪ್ರಸಾದ ತಿನ್ನುತ್ತಿದ್ದಾಗ. ಪ್ರಸಾದದ ರುಚಿ ನೆನಪಿಲ್ಲ. ಮೈ ಉರಿದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಅವಳು ನನ್ನ ಅಕ್ಕನ ಮಗಳು. ಅಕ್ಕ ಮದುವೆಯಾಗಿ ನನಗಿಂತ ಎಷ್ಟೋ ಮೊದಲು ಇಲ್ಲಿಗೆ ಬಂದಿದ್ದಳು; ಹುಡುಗಿ ಹುಟ್ಟಿದ್ದೂ ಇಲ್ಲೇ. ನಾನು ದಾವಣಗೆರೆಯಲ್ಲಿ ಓದಿದ ಎಂಜಿನಿಯರಿಂಗನ್ನು ಪಕ್ಕಕ್ಕಿಟ್ಟು ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಕಲಿತು, ಎರಡು ಸಾವಿರದ ಇಸವಿ ಹುಟ್ಟಿದ ಗಳಿಗೆಗೆ ಪ್ರಪಂಚದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಅಮೆರಿಕ ಹೆದರಿಕೊಂಡಿದ್ದ ಕಾಲದಲ್ಲಿ ಬಂದವಳು. ಆಗ ಕೋಬಾಲ್ ಗೊತ್ತಿದ್ದವರನ್ನು ಕೈಹಿಡಿದು ವಿಮಾನ ಹತ್ತಿಸುತ್ತಿದ್ದರು. ಮೊದಲ ಪ್ರಾಜೆಕ್ಟು ನ್ಯೂಯಾರ್ಕಿನಲ್ಲಿ. ಅಕ್ಕನ ಅಪಾರ್ಟ್‌ಮೆಂಟಿನಲ್ಲೇ ಉಳಿದುಕೊಂಡು ದಿನಾ ಬಸ್ಸಿನಲ್ಲಿ ಕಮ್ಯೂಟ್ ಮಾಡುತ್ತಿದ್ದೆ. ಬಂದ ಐದನೆಯ ತಿಂಗಳಿಗೆ ಅಕ್ಕನ ಕಾಯಿಲೆ ಗೊತ್ತಾಯಿತು. ಹನ್ನೊಂದನೆಯ ತಿಂಗಳಿಗೆ ಅಕ್ಕ ಹೋದಳು. ಹೋಗುವ ಮೊದಲು ಅವಳು ನನ್ನಲ್ಲಿ ಕೇಳಿದ್ದು ಒಂದೇ. ಮಗುವನ್ನು ನೋಡಿಕೋ ಎಂದಲ್ಲ, ಅದು ನಮ್ಮಿಬ್ಬರ ನಡುವೆ ಹೇಳಬೇಕಾದ ಮಾತೇ ಆಗಿರಲಿಲ್ಲ. "ಅವಳು ನನ್ನನ್ನ ಮರೀದೇ ಇರೋ ಹಾಗೆ ನೋಡ್ಕೋ," ಎಂದಳು. ಆಗಲಿ ಅಂದೆ.

ಭಾವ ಒಂದೂವರೆ ವರ್ಷದಲ್ಲಿ ಮತ್ತೆ ಮದುವೆಯಾದರು. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಡಲ್ಲಾಸಿನಲ್ಲಿ ಹೊಸ ಕೆಲಸ, ಹೊಸ ಮನೆ, ಹೊಸ ಹೆಂಡತಿ ಎಂದು ಹೊರಟವರು ಮಗುವನ್ನು ಮಾತ್ರ, ಸ್ವಲ್ಪ ದಿನ ನಿನ್ನ ಹತ್ತಿರ ಇರಲಿ, ಸ್ಕೂಲ್ ಡಿಸ್ಟರ್ಬ್ ಆಗುವುದು ಬೇಡ ಎಂದು ನನ್ನ ಬಳಿ ಬಿಟ್ಟುಹೋದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಸ್ಕೂಲಿಗೂ ಡಾಕ್ಟರಿಗೂ ತೋರಿಸಲು ನೋಟರಿ ಮಾಡಿಸಿದ ಒಂದು ಪತ್ರ ಕಳಿಸಿದರು. ಹುಟ್ಟುಹಬ್ಬಕ್ಕೊಂದು ಕಾರ್ಡು ಬರುತ್ತಿತ್ತು. ಕೆಲಸದ ಮೇಲೆ ಈ ಕಡೆ ಬಂದರೆ ಹುಡುಗಿಯನ್ನು ಕರೆದುಕೊಂಡು ಹೋಗಿ ಪಿಜ್ಜಾ ಕೊಡಿಸಿ, ಒಂಬತ್ತು ಗಂಟೆಯೊಳಗೆ ತಂದು ಬಿಡುತ್ತಿದ್ದರು.

ದತ್ತು ತೆಗೆದುಕೋ ಎಂದು ಹೇಳಿದವರು ಇರಲಿಲ್ಲವೆಂದಲ್ಲ. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಅಮೆರಿಕನ್ ಹೆಂಗಸು, ಇಂಥ ವಿಷಯದಲ್ಲಿ ಕಾಗದಪತ್ರ ಸರಿಯಾಗಿರಬೇಕು ಎಂದು ಮತ್ತೆಮತ್ತೆ ಹೇಳುತ್ತಿದ್ದಳು. ನಾನು ಕಾಲಿಂಗ್ ಕಾರ್ಡಿನ ಗುಟ್ಟಿನ ನಂಬರು ಗೀಚಿ ತೆಗೆದು ದಾವಣಗೆರೆಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ. ಅಮ್ಮ ನಕ್ಕುಬಿಟ್ಟಳು. "ನಮ್ಮ ಮಗೂನ ನಾವೇ ದತ್ತು ತಗಳ್ಳೋದೇನೇ? ದತ್ತು ತಗಳ್ಳೋದು ಬ್ಯಾರೇರ ಮಕ್ಳನ್ನ." ಭಾವನನ್ನು ಕೇಳಿದರೆ, ತಾನು ಬದುಕಿರುವಾಗಲೇ ಮಗಳನ್ನು ಬರೆದುಕೊಟ್ಟರೆ ಜನ ಏನಂದಾರು ಎಂದು ಗೊಣಗಿದರು. ಮಗುವನ್ನು ಬಿಟ್ಟು ವಿಮಾನ ಹತ್ತುವಾಗ ಇಲ್ಲದ ಮರ್ಯಾದೆ ಸಹಿ ಹಾಕುವಾಗ ಎಲ್ಲಿಂದ ಬಂತೋ. ಇವರಿಬ್ಬರ ಮೇಲೆ ಹೊರೆಸಿ ನಾನು ಕೈತೊಳೆದುಕೊಳ್ಳಬಹುದು. ಆದರೆ ನನಗೂ ಬೇಡವಾಗಿತ್ತು. ದತ್ತಾದರೆ ಬರ್ತ್ ಸರ್ಟಿಫಿಕೇಟಿನಲ್ಲಿ ಅಕ್ಕನ ಹೆಸರು ಹೋಗಿ ನನ್ನ ಹೆಸರು ಬರುತ್ತದೆ ಎಂದು ಯಾರೋ ಹೇಳಿದರು. ಸತ್ತವಳ ಹೆಸರು ಅಳಿಸಿ ಆ ಜಾಗದಲ್ಲಿ ನಾನು ಕೂರುವುದೇ ಎನಿಸಿತು. ಅಂದಿಗೆ ಆ ಯೋಚನೆ ಬಿಟ್ಟೆ.

ಅಕ್ಕನಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಂಡದ್ದು ಹೇಗೆಂದು ಸ್ವಲ್ಪ ಹೇಳಬೇಕು. ಹುಡುಗಿ ನನ್ನನ್ನು ಕರೆಯುವುದು ಚಿಕ್ಕಮ್ಮ ಎಂದೇ. ಒಮ್ಮೆಯೂ ಬೇರೆ ಕರೆಯಲು ಬಿಟ್ಟವಳಲ್ಲ. ವರ್ಷಕ್ಕೊಮ್ಮೆ ಅಕ್ಕನ ತಿಥಿಯ ದಿನ ರಜೆ ಹಾಕಿ, ಅವಳಿಗೆ ಇಷ್ಟವಾದ ಶೇಂಗಾ ಹೋಳಿಗೆ ಮಾಡಿ, ಹುಡುಗಿಯನ್ನು ಫೋಟೋದ ಎದುರು ಕೂರಿಸಿ, ನಿನಗೆ ಇರುವುದು ಒಬ್ಬಳೇ ಅಮ್ಮ, ಅದು ಇವಳೇ ಎಂದು ಹೇಳುತ್ತಿದ್ದೆ. ಅಂಗಡಿಯಲ್ಲಿ, ಲೈಬ್ರರಿಯಲ್ಲಿ ಯಾರಾದರೂ ನಿಮ್ಮ ಮಗಳು ಚೂಟಿಯಾಗಿದ್ದಾಳೆ ಎಂದರೆ, ನನ್ನ ಅಕ್ಕನ ಮಗಳು ಎಂದು ತಿದ್ದುತ್ತಿದ್ದೆ. ಫಾರ್ಮುಗಳಲ್ಲಿ ಸಂಬಂಧ ಎಂಬ ಖಾನೆ ಬಂದ ಕಡೆಯಲ್ಲೆಲ್ಲ ದಪ್ಪಕ್ಷರದಲ್ಲಿ ಆಂಟ್ ಎಂದು ಬರೆದೆ. ಅದು ನಿಜ ತಾನೇ. ನಿಜ ಬರೆಯುವುದರಲ್ಲಿ ನಾನು ಬಹಳ ಗಟ್ಟಿಗಿತ್ತಿ.

ಗಂಡು ತೋರಿಸಲು ಬಂದವರೂ ಇದ್ದರು. ಪಾರ್ಸಿಪನಿಯ ಒಬ್ಬ ಮಹಾಶಯ, ಹುಡುಗಿಯನ್ನು ಅವರಪ್ಪನ ಹತ್ತಿರ ಕಳಿಸುವುದಾದರೆ ಮುಂದುವರಿಯೋಣ ಎಂದ. ಅವನು ಕುಡಿಯುತ್ತಿದ್ದ ಕಾಫಿ ಕಪ್ಪನ್ನು ಅರ್ಧಕ್ಕೇ ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ಸುರಿದೆ. ಆಮೇಲೆ ಯಾರೂ ಬರಲಿಲ್ಲ, ನಾನೂ ಕರೆಯಲಿಲ್ಲ. ಸ್ಕೂಲು ಚೆನ್ನಾಗಿದೆ ಎಂದು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಮೂರು ಬೆಡ್‌ರೂಮಿನ ಹಳೆಯ ಮನೆ ಕೊಂಡೆ. ಹುಡುಗಿ ತನ್ನ ರೂಮಿನ ಗೋಡೆಗೆ ತಾನೇ ನೇರಳೆ ಬಣ್ಣ ಬಳಿದಳು. ಅಪ್ಪನ ಮನೆ ಡಲ್ಲಾಸಿನಲ್ಲಿ, ಅಜ್ಜಿಯ ಮನೆ ದಾವಣಗೆರೆಯಲ್ಲಿ ಇದ್ದರೂ ಅವಳಿಗೆ ಮನೆ ಎಂದರೆ ಅದೊಂದೇ. ಐಟಿಯವರೆಲ್ಲ ಮನೆ ಕೊಳ್ಳಲು ಮುಗಿಬಿದ್ದ ಕಾಲ. ಬೆಲೆ ನೋಡನೋಡುತ್ತ ಏರಿತು. ನನಗೇನಾದರೂ ಆದರೆ ಈ ಮನೆ ಹುಡುಗಿಗೆ ಸೇರಬೇಕು, ಅವಳು ಯಾರ ಮನೆಯ ಸೋಫಾದ ಮೇಲೂ ಮಲಗಬಾರದು. ನನ್ನ ಆಸೆ ಇದ್ದದ್ದು ಇಷ್ಟೇ.

ಇದನ್ನೇ ಆ ಬೇಸ್‌ಮೆಂಟಿನಲ್ಲಿ ಯಾರ ಜೊತೆಗೋ ಹೇಳುತ್ತಿದ್ದೆ, ಅವಳಿಗೆ ಹದಿನೆಂಟು ತುಂಬಿದ ಮೇಲೆ ವಿಲ್ ಬರೆಸಬೇಕು ಎಂದು. ಪಕ್ಕದಲ್ಲಿದ್ದ ಒಬ್ಬರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಬಾಸ್ಕಿಂಗ್ ರಿಡ್ಜ್‌ನಲ್ಲಿ ಟೆಲಿಕಾಂ ಕೆಲಸದಲ್ಲಿದ್ದವರು. ಆ ಧಂದೆ ಮಗುಚಿಕೊಂಡಾಗ ಲೇ-ಆಫ್ ಆಗಿ, ವಿಮೆ ಮಾರುವ ಲೈಸೆನ್ಸ್ ತೆಗೆದುಕೊಂಡಿದ್ದರು. ಆ ವರ್ಷಗಳಲ್ಲಿ ನಮ್ಮವರ ಯಾವ ಪೂಜೆಗೆ ಹೋದರೂ ಮಂಗಳಾರತಿ ತಟ್ಟೆಯ ಹಿಂದೆಯೇ ಇಂಥ ಒಬ್ಬರು ಬರುತ್ತಿದ್ದರು. ಅವರು ಊಟದ ಪ್ಲೇಟು ಪಕ್ಕಕ್ಕಿಟ್ಟು, ಪೇಪರ್ ನ್ಯಾಪ್‌ಕಿನ್ ಮೇಲೆ ಬರೆದು ತೋರಿಸಿದರು. ಎ ದರ್ಜೆ: ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಇವರಿಗೆ ತೆರಿಗೆ ಇಲ್ಲ. ಸಿ ದರ್ಜೆ: ಒಡಹುಟ್ಟಿದವರು, ಇವರಿಗೆ ಒಂದಷ್ಟು ವಿನಾಯಿತಿ. ಡಿ ದರ್ಜೆ: ಉಳಿದವರೆಲ್ಲ, ಒಡಹುಟ್ಟಿದವರ ಮಕ್ಕಳೂ ಸೇರಿ, ಇವರಿಗೆ ಹೆಚ್ಚುಕಡಿಮೆ ಮೊದಲ ಡಾಲರಿನಿಂದಲೇ ನೂರಕ್ಕೆ ಹದಿನೈದು. ಬಿ ಎಲ್ಲಿ ಹೋಯಿತು ಎಂದು ಕೇಳಿದೆ. ಬಿ ಇಲ್ಲ, ತೆಗೆದುಹಾಕಿದ್ದಾರೆ ಎಂದರು. ಅವರಿಗೆ ನಗು ಬಂತು, ನನಗೆ ಬರಲಿಲ್ಲ.

"ಆರು ವರ್ಷದವಳಿಂದ ಸಾಕಿದೀನಿ ನಾನು," ಎಂದೆ.

"ಮೇಡಂ, ಸಾಕಿರಬಹುದು. ಕಾನೂನಿನ ಪ್ರಕಾರ ಅವಳು ನಿಮಗೆ ಯಾರೂ ಅಲ್ಲ."

ನನಗೆ ಆ ಮಾತಿಗಿಂತ ಅದನ್ನು ಅವರು ಹೇಳಿದ ಧಾಟಿ ತಡೆಯಲಾಗಲಿಲ್ಲ. ಹವಾಮಾನ ಹೇಳುವವರ ಹಾಗೆ ಹೇಳಿದರು. ಜ್ವರ ಬಂದಾಗ ನಿದ್ದೆಗೆಟ್ಟವಳು ನಾನು, ಹಲ್ಲಿಗೆ ತಂತಿ ಹಾಕಿಸಿದವಳು ನಾನು, ಗಣಿತಕ್ಕೆ ಕೂರಿಸಿಕೊಂಡು ಬೈದು ಅಳಿಸಿ ಆಮೇಲೆ ಐಸ್‌ಕ್ರೀಂ ಕೊಡಿಸಿದವಳು ನಾನು. ಪಿಜ್ಜಾ ಕೊಡಿಸುವ ಮನುಷ್ಯ ನ್ಯೂಜೆರ್ಸಿಯಲ್ಲೇ ಇದ್ದು ಸತ್ತರೆ ಅವನ ಆಸ್ತಿ ಅವಳಿಗೆ ಒಂದು ಪೈಸೆ ತೆರಿಗೆಯಿಲ್ಲದೆ ಹೋಗುತ್ತದೆ, ನಾನು ಸತ್ತರೆ ಪೋಸ್ಟ್‌ಮ್ಯಾನಿನ ಲೆಕ್ಕ. ಇದನ್ನು ಬರೆದ ಪುಣ್ಯಾತ್ಮರು ಯಾರೋ, ಅವರ ಮನೆಯಲ್ಲಿ ಚಿಕ್ಕಮ್ಮಂದಿರು ಇರಲಿಲ್ಲವೋ ಏನೋ. ಹೀಗೆಲ್ಲ ದೊಡ್ಡ ದನಿಯಲ್ಲೇ ಹೇಳಿದೆನೆಂದು ಕಾಣುತ್ತದೆ. ಮನೆಯಾಕೆ ಮೇಲಿನಿಂದ ಇಳಿದು ಬಂದು, ಇನ್ನೊಂದು ಸ್ವಲ್ಪ ಪುಳಿಯೋಗರೆ ಹಾಕಲಾ ಎಂದು ಕೇಳಿದರು.

ಮುಂದಿನ ಶನಿವಾರ ಅವರು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು. ಹುಡುಗಿಗೆ ಆಗ ಹನ್ನೊಂದು. ಹಲೋ ಅಂಕಲ್ ಎಂದು ಹೇಳಿ ಮೇಲೆ ಹೋದಳು. ಅವರ ವಿವರಣೆ ಸರಳವಾಗಿತ್ತು. ನೀವು ಸತ್ತ ಎಂಟು ತಿಂಗಳೊಳಗೆ ಅವಳು ತೆರಿಗೆ ಕಟ್ಟಬೇಕು. ಅಷ್ಟು ನಗದು ಆ ಮಗುವಿನ ಹತ್ತಿರ ಎಲ್ಲಿರುತ್ತದೆ? ಮನೆ ಮಾರಬೇಕಾಗುತ್ತದೆ. ಅದರ ಬದಲು ನೀವು ಇರುವಷ್ಟು ದಿನವೂ ನಡೆಯುವ ಒಂದು ಜೀವವಿಮೆ ತೆಗೆದುಕೊಳ್ಳಿ. ನೀವು ಕಣ್ಣು ಮುಚ್ಚಿದ ಕೂಡಲೇ ಆ ಹಣ ಬರುತ್ತದೆ, ಅದರಿಂದ ತೆರಿಗೆ ಕಟ್ಟಿ ಅವಳು ಮನೆ ಉಳಿಸಿಕೊಳ್ಳುತ್ತಾಳೆ. ವಿಮೆಯ ಹಣಕ್ಕೆ ಈ ತೆರಿಗೆ ಇಲ್ಲ. ಹೀಗೆ ಅವರು ನನ್ನ ಸಾವನ್ನು ಹಿಂದೆಮುಂದೆ ತಿರುಗಿಸಿ ತೋರಿಸುತ್ತಿದ್ದರೆ ನಾನು ಅವರಿಗೆ ಚಕ್ಕುಲಿ ಕೊಟ್ಟು ಕೂತಿದ್ದೆ. ಕಂತು ನನ್ನ ಸಂಬಳಕ್ಕೆ ಭಾರವಾಗಿತ್ತು. ಆದರೂ ಸಹಿ ಹಾಕಿದೆ. ಸಿಟ್ಟಿನಲ್ಲಿ ಸಹಿ ಹಾಕಿದೆ ಎಂದರೆ ಸರಿಯಾದೀತು. ಡಿ ದರ್ಜೆ ಅಂದಿರಾ, ತಗೊಳ್ಳಿ, ನಿಮ್ಮ ಹದಿನೈದನ್ನು ಈಗಲೇ ಮಡಗುತ್ತೇನೆ ಎಂಬ ಹಟ.

ಹಣ ಯಾರಿಗೆ ಸೇರಬೇಕು ಎಂಬ ಖಾನೆ ಬಂದಾಗ, ಹುಡುಗಿ ಇನ್ನೂ ಮೈನರ್, ಅವಳ ಹೆಸರಿಗೆ ಬರೆದರೆ ಕೋರ್ಟು ಕಚೇರಿಯ ತಕರಾರು ಎಂದರು. ನನ್ನ ಎಸ್ಟೇಟಿಗೆ, ಅಂದರೆ ನಾನು ಬಿಟ್ಟುಹೋಗುವ ಒಟ್ಟು ಆಸ್ತಿಗೆ ಸೇರಲಿ ಎಂದು ತಾವೇ ಬರೆದರು. ನಾನು ಸರಿ ಎಂದೆ. ತಿಂಗಳು ತಿಂಗಳು ಬ್ಯಾಂಕಿನಿಂದ ಕಂತು ಹೋಗತೊಡಗಿತು. ಹಳೆಯ ಕಾರನ್ನೇ ಓಡಿಸಿದೆ. ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದವಳು ಮೂರು ವರ್ಷಕ್ಕೊಮ್ಮೆ ಹೋದೆ. ಎರಡು ಪ್ರಯಾಣಗಳ ನಡುವಿನ ವರ್ಷದಲ್ಲಿ ಅಮ್ಮ ತೀರಿಕೊಂಡಳು. ಅವಳನ್ನು ಕೊನೆಗೆ ಒಮ್ಮೆ ನೋಡಲಾಗಲಿಲ್ಲ ಎನ್ನುವುದು ಬರೀ ವಿಮೆಯ ತಪ್ಪಲ್ಲ, ಗೊತ್ತು. ಆದರೂ ಪ್ರತಿ ತಿಂಗಳು ಬ್ಯಾಂಕಿನ ಕಾಗದದಲ್ಲಿ ಆ ಸಾಲು ನೋಡಿದಾಗಲೆಲ್ಲ ನನ್ನ ಹಲ್ಲು ಕಚ್ಚಿಕೊಳ್ಳುತ್ತಿದ್ದವು.

ಹುಡುಗಿ ಹತ್ತೊಂಬತ್ತಕ್ಕೆ ಬಂದಳು, ಕಾಲೇಜು ಸೇರಿ ಹಾಸ್ಟೆಲಿಗೆ ಹೋದಳು. ಖಾಲಿ ಮನೆಯಲ್ಲಿ ಕೂತು ಬೇಜಾರಾಗಿ, ಮುಂದೂಡುತ್ತ ಬಂದಿದ್ದ ವಿಲ್ ನೆನಪಾಯಿತು. ರೂಟ್ ಎಯ್ಟೀನ್ ಹೆದ್ದಾರಿಯ ಪಕ್ಕದ ಒಂದು ಕಚೇರಿಯಲ್ಲಿ ಲಾಯರಮ್ಮ ಸಿಕ್ಕರು. ತಲೆಯೆಲ್ಲ ಬೆಳ್ಳಗಾದ, ಮಾತಿಗಿಂತ ಹೆಚ್ಚು ಓದುವ ಅಮೆರಿಕನ್ ಹೆಂಗಸು. ವಿಮೆಯ ಕಾಗದ ಮುಂದಿಟ್ಟಾಗ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಇದನ್ನು ಬರೆದವರು ಯಾರು ಎಂದು ಕೇಳಿದರು.

ಅವರು ಹೇಳಿದ್ದರ ಸಾರಾಂಶ ಇದು. ವಿಮೆಯ ಹಣ ಒಬ್ಬ ವ್ಯಕ್ತಿಯ ಹೆಸರಿಗೆ ನೇರವಾಗಿ ಹೋದರೆ ಅದಕ್ಕೆ ಈ ತೆರಿಗೆ ಇಲ್ಲ, ನಿಜ. ಆದರೆ ನನ್ನ ಎಸ್ಟೇಟಿಗೆ ಬಂದುಬಿಟ್ಟರೆ ಅದೂ ಆಸ್ತಿಯೇ, ಅದರ ಮೇಲೂ ನೂರಕ್ಕೆ ಹದಿನೈದು. ಎಂಟು ವರ್ಷ ನಾನು ತೆರಿಗೆ ಕಟ್ಟಲೆಂದು ಕೂಡಿಸಿದ ಹಣಕ್ಕೇ ತೆರಿಗೆ. ಸರಿಪಡಿಸಲು ಎಷ್ಟು ಕಷ್ಟ ಎಂದು ಕೇಳಿದೆ. ಒಂದು ಹಾಳೆಯ ಫಾರ್ಮು, ಈಗಲೇ ತುಂಬಿಸಿ ಎಂದರು. ಅಲ್ಲೇ ಅವಳ ಹೆಸರು ಬರೆದು ತುಂಬಿದೆ. ಅಕ್ಷರ ನನ್ನದೆಂದು ಗುರುತೇ ಸಿಗದ ಹಾಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗಿ ಯಾವ ವಯಸ್ಸಿನಿಂದ ನಿಮ್ಮ ಜೊತೆ ಇದ್ದಾಳೆ ಎಂದು ಅವರು ಕೇಳಿದರು. ಆರರಿಂದ ಎಂದೆ. ಹಾಗಾದರೆ ಈ ವಿಮೆ ಯಾಕೆ ಎಂದರು. ಕಾನೂನಿನಲ್ಲಿ ಒಂದು ದಾರಿ ಮೊದಲಿನಿಂದಲೂ ಇದೆಯಂತೆ. ಮಗುವಿಗೆ ಹದಿನೈದು ತುಂಬುವುದರೊಳಗೆ ಶುರುವಾಗಿ, ಹತ್ತು ವರ್ಷ ಕಡಿಯದೆ, ಇಬ್ಬರೂ ಒಬ್ಬರನ್ನೊಬ್ಬರು ತಾಯಿ ಎಂದೂ ಮಗು ಎಂದೂ ಒಪ್ಪಿಕೊಂಡು ಬದುಕಿದ್ದರೆ ಆ ಮಗು ಎ ದರ್ಜೆ. ರಕ್ತವೂ ಬೇಡ, ದತ್ತೂ ಬೇಡ. ಆದರೆ ಇಬ್ಬರೂ ಒಪ್ಪಿಕೊಂಡಿದ್ದರು ಎಂಬುದಕ್ಕೆ ಪುರಾವೆ ಬೇಕು. ಕಾಗದಗಳಲ್ಲೆಲ್ಲ ಅಕ್ಕನ ಮಗಳು ಎಂದಿದ್ದರೆ ತೆರಿಗೆಯವರು ಸುಮ್ಮನೆ ಒಪ್ಪುವುದಿಲ್ಲ. ಇಲ್ಲವಾದರೆ ವಯಸ್ಸಿಗೆ ಬಂದವಳನ್ನೂ ಈಗ ದತ್ತು ತೆಗೆದುಕೊಳ್ಳಬಹುದು, ಅದು ಇನ್ನೂ ಸಲೀಸು ಎಂದರು. ಅದನ್ನು ನಾನು ಮೊದಲು ಹೇಳಿದ ಕಾರಣಕ್ಕೇ ಬೇಡವೆಂದೆ. ಅವರು ಭುಜ ಕುಣಿಸಿ, ಹಾಗಾದರೆ ಪುರಾವೆ ಹುಡುಕಿಕೊಂಡು ಬನ್ನಿ ಎಂದರು.

ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತೇ ವಿಮೆಯವರಿಗೆ ಫೋನು ಹಚ್ಚಿದೆ. ಅವರು ಆಗಲೇ ವಿಮೆ ಬಿಟ್ಟು ಮತ್ತೆ ಐಟಿಗೆ ಮರಳಿದ್ದರು. ಮೀಟಿಂಗಿನಲ್ಲಿದ್ದೇನೆ ಎಂದರು, ನಾನು ಬಿಡಲಿಲ್ಲ. ಎಸ್ಟೇಟ್ ಎಂದು ಬರೆದದ್ದಕ್ಕೆ, ಅವಳು ದೊಡ್ಡವಳಾದ ಮೇಲೆ ನೀವು ಬದಲಾಯಿಸಿಕೊಳ್ಳಬೇಕಿತ್ತು ಎಂದರು. ಹೇಳಿದವರು ಯಾರು ಎಂದೆ. ಸಾಕಿದ ಮಕ್ಕಳ ಕಲಂ ನಿಮಗೆ ಗೊತ್ತಿತ್ತೇ ಎಂದೆ.

"ಗೊತ್ತಿತ್ತು ಮೇಡಂ. ಅದನ್ನೆಲ್ಲ ಪ್ರೂವ್ ಮಾಡೋದು ತುಂಬಾ ಕಷ್ಟ. ನೀವೂ ಕೇಳಲಿಲ್ಲ."

ನಾನು ಕೇಳಲಿಲ್ಲವಂತೆ! ಆ ಕಲಂ ಇದೆ ಎಂದು ತಿಳಿಯದವಳು ಏನೆಂದು ಕೇಳಬೇಕಿತ್ತು? ನನ್ನ ಮನೆಯ ಚಕ್ಕುಲಿ ತಿಂದು, ನನ್ನ ಹುಡುಗಿಯ ಕೈಲಿ ಅಂಕಲ್ ಅನ್ನಿಸಿಕೊಂಡು, ಅವಳು ನಿಮಗೆ ಯಾರೂ ಅಲ್ಲ ಎಂದು ಮುಖಕ್ಕೆ ಹೇಳಿ ಕಮಿಷನ್ ಎಣಿಸಿಕೊಂಡ ಮನುಷ್ಯ. ಬಾಯಿಗೆ ಬಂದದ್ದೆಲ್ಲ ಅಂದೆ. ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಕೇಳಿ ಕಲಿತ ಕೆಲವು ಮಾತುಗಳು ಇಷ್ಟು ವರ್ಷ ನ್ಯೂಜೆರ್ಸಿಯಲ್ಲಿದ್ದರೂ ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಅವರು ಫೋನು ಇಟ್ಟರು.

ಆ ವಾರವೆಲ್ಲ ಮನೆಯಲ್ಲಿ ಪುರಾವೆ ಹುಡುಕಿದೆ. ನಾನು ಯಾವ ಕಾಗದವನ್ನೂ ಬಿಸಾಡುವವಳಲ್ಲ. ಕ್ಲಾಸೆಟ್ಟಿನ ಮೇಲಿನ ಹಲಗೆಯಿಂದ ಡಬ್ಬಿಗಳನ್ನು ಇಳಿಸಿ ನೆಲದ ಮೇಲೆ ಹರಡಿದೆ. ಒಂದನೆಯ ಕ್ಲಾಸಿನ ಎಮರ್ಜೆನ್ಸಿ ಕಾರ್ಡಿನ ಪ್ರತಿ: ಆಂಟ್. ಹಲ್ಲಿನ ಡಾಕ್ಟರು: ಆಂಟ್. ಈಜಿನ ಕ್ಲಾಸು, ಬೇಸಿಗೆ ಕ್ಯಾಂಪು, ಪಿಯಾನೋ ಟೀಚರು, ಎಲ್ಲ ಕಡೆ ನನ್ನದೇ ದುಂಡಗಿನ ಅಕ್ಷರದಲ್ಲಿ ಆಂಟ್. ಒಂದು ಕಡೆ ಶಾಲೆಯವರು ತಾವೇ ಮದರ್ ಎಂದು ಟೈಪು ಮಾಡಿದ್ದರು. ಅದನ್ನು ನಾನು ನೀಲಿ ಪೆನ್ನಿನಲ್ಲಿ ಅಡ್ಡ ಹೊಡೆದು ತಿದ್ದಿದ್ದೆ, ಪಕ್ಕಕ್ಕೆ ಸಹಿ ಬೇರೆ ಹಾಕಿದ್ದೆ. ಆ ಹಾಳೆ ನೋಡಿದಾಗ ಎದ್ದ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೋ ತಿಳಿಯಲಿಲ್ಲ. ಹನ್ನೆರಡು ವರ್ಷ ಕೂತು ಅವಳ ವಿರುದ್ಧ ಸಾಕ್ಷ್ಯವನ್ನು ಇಷ್ಟು ಅಚ್ಚುಕಟ್ಟಾಗಿ ಜೋಡಿಸಲು ಯಾವ ತೆರಿಗೆ ಇಲಾಖೆಯಿಂದಲೂ ಆಗುತ್ತಿರಲಿಲ್ಲ.

ಡಬ್ಬಿಯನ್ನು ಹೊತ್ತುಕೊಂಡು ಹೋಗಿ ಲಾಯರಮ್ಮನ ಮೇಜಿನ ಮೇಲಿಟ್ಟೆ. ಅವರು ಒಂದಷ್ಟು ತಿರುವಿ ನೋಡಿ ನಿಟ್ಟುಸಿರಿಟ್ಟರು. ಉಳಿದದ್ದು ಒಂದೇ ದಾರಿ, ನೀವು ಬದುಕಿರುವಾಗಲೇ ಇಬ್ಬರೂ ಪ್ರಮಾಣಪತ್ರ ಬರೆದಿಡಿ ಎಂದರು. ನಿಮ್ಮನ್ನು ಬಲ್ಲ ನಾಲ್ಕು ಜನರಿಂದಲೂ ಬರೆಸಿ. ಸಾಕಾದೀತು ಎಂದು ನಾನು ಮಾತು ಕೊಡಲಾರೆ, ಆದ್ದರಿಂದ ವಿಮೆಯೂ ಇರಲಿ. ಎರಡು ಹಾಳೆ ಬರೆದು ಕೊಟ್ಟರು. ನನ್ನದರಲ್ಲಿ, ಈ ಹುಡುಗಿಯನ್ನು ನಾನು ಅವಳ ಆರನೆಯ ವಯಸ್ಸಿನಿಂದ ನನ್ನ ಮಗಳೆಂದೇ ತಿಳಿದಿದ್ದೇನೆ ಎಂದಿತ್ತು. ಅವಳದರಲ್ಲಿ, ಇವರನ್ನು ನಾನು ನನ್ನ ತಾಯಿ ಎಂದೇ ತಿಳಿದಿದ್ದೇನೆ ಎಂದಿತ್ತು. ನೋಟರಿಯ ಎದುರು ಸಹಿ ಆಗಬೇಕು.

ಶನಿವಾರ ಬೆಳಿಗ್ಗೆ ಹುಡುಗಿ ಕಾಲೇಜಿನಿಂದ ಬಂದಳು. ದೋಸೆ ಹಾಕಿಕೊಟ್ಟೆ. ತಿಂದಾದ ಮೇಲೆ ಅವಳ ಹಾಳೆಯನ್ನು ಮುಂದಿಟ್ಟು, ಅವಳು ಓದುವ ಮೊದಲೇ ನಾನು ಶುರುಮಾಡಿದೆ. ಇದು ಬರೀ ಟ್ಯಾಕ್ಸ್‌ಗೋಸ್ಕರ, ತಪ್ಪು ತಿಳಿಯಬೇಡ, ನಿಮ್ಮಮ್ಮ ನಿಮ್ಮಮ್ಮನೇ, ಈ ದೇಶದವರಿಗೆ ನಮ್ಮ ಸಂಬಂಧ ಅರ್ಥವಾಗುವುದಿಲ್ಲ, ಕಾಗದದಲ್ಲಿ ಹೀಗೆ ಬರೆಯದಿದ್ದರೆ ನಿನ್ನ ಮನೆ ಹೋಗುತ್ತದೆ ಎಂದೆಲ್ಲ. ವಿಮೆಯವನನ್ನೂ ಭಾವನನ್ನೂ ನ್ಯೂಜೆರ್ಸಿಯ ಶಾಸಕರನ್ನೂ ಸೇರಿಸಿ ಬೈದೆ. ಅವಳು ಓದಿ ಮುಗಿಸಿದಳು. ಆಮೇಲೆ ನನ್ನ ಹಾಳೆಯನ್ನೂ ಕೇಳಿ ಇಸಿದುಕೊಂಡು ಓದಿದಳು.

"ನಂದು ಟ್ರೂ," ಎಂದಳು. "ನಿಂದು ನಂಗೆ ಗೊತ್ತಿಲ್ಲ, ಚಿಕ್ಕಮ್ಮ."

ನಾನು ಬೆಪ್ಪಾದೆ. ಏನು ಹಾಗೆಂದರೆ ಎಂದು ಕೇಳಿದೆ. ಅವಳು ಸಿಟ್ಟಿಲ್ಲದೆ, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿದಳು. ಮೂರನೆಯ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಹೆತ್ತವರನ್ನು ಕರೆದ ಸಂಜೆ. ಮಕ್ಕಳೆಲ್ಲ ತಮ್ಮ ಡೆಸ್ಕಿನ ಹತ್ತಿರ ನಿಂತಿದ್ದರು. ಅವಳು ಆ ವರ್ಷ ಟೀಚರಿಗೂ ಗೆಳತಿಯರಿಗೂ, ನನ್ನ ಮಾಮ್ ಕಂಪ್ಯೂಟರ್ ಎಂಜಿನಿಯರ್, ನ್ಯೂಯಾರ್ಕಿಗೆ ಹೋಗುತ್ತಾಳೆ ಎಂದು ಹೇಳಿಕೊಂಡು ಬಂದಿದ್ದಳು. ನಾನು ಬಸ್ಸಿಳಿದು ಓಡೋಡಿ ಹೋದೆ. ಟೀಚರು ನನ್ನ ಕೈ ಕುಲುಕಿ, ನೀವೇ ಅವಳ ಅಮ್ಮ ಅಲ್ಲವೇ, ನಿಮ್ಮ ಬಗ್ಗೆ ತುಂಬಾ ಕೇಳಿದ್ದೇನೆ ಎಂದರು. ಅಲ್ಲ, ನಾನು ಅವಳ ಆಂಟ್ ಎಂದು ನಾನು ಹೇಳಿದೆ, ಇಡೀ ಕ್ಲಾಸಿಗೆ ಕೇಳುವ ಹಾಗೆ.

ನನ್ನ ದನಿ ಸಣ್ಣದಲ್ಲ. ಆ ಸಂಜೆ ನನಗೆ ನೆನಪೇ ಇರಲಿಲ್ಲ. ಅಂಥ ಎಷ್ಟು ಸಂಜೆಗಳಲ್ಲಿ ಎಷ್ಟು ಜನರಿಗೆ ಹಾಗೆ ಹೇಳಿದ್ದೆನೋ.

"ನಿಮ್ಮಮ್ಮಂಗೆ ಮಾತು ಕೊಟ್ಟಿದ್ದೆ ಕಣೇ," ಎಂದೆ.

"ಐ ನೋ. ನೀನು ಅವಳಿಗೋಸ್ಕರ ಮಾಡ್ದೆ," ಎಂದಳು. "ಅವಳನ್ನ ನಾನು ಮರೆತಿಲ್ಲ. ಮರೀತಾನೂ ಇರ್ಲಿಲ್ಲ, ನೀನು ಹಾಗೆ ಹೇಳ್ದೇ ಇದ್ರೂ."

ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಮನಸ್ಸು ಅಭ್ಯಾಸದಂತೆ ಹುಡುಕಿತು. ಕಾನೂನು ಅವಳನ್ನು ಪೋಸ್ಟ್‌ಮ್ಯಾನಿನ ಪಕ್ಕಕ್ಕೆ ನಿಲ್ಲಿಸಿದೆ ಎಂದು ವರ್ಷಗಟ್ಟಲೆ ಕೂಗಾಡಿದ್ದೆ. ಕಾನೂನು ಕೇಳುತ್ತಿದ್ದುದು ಇಬ್ಬರೂ ಒಪ್ಪಿದ್ದೀರಾ ಎಂದಷ್ಟೇ. ಅವಳು ಎಂಟನೆಯ ವಯಸ್ಸಿಗೇ ಒಪ್ಪಿಯಾಗಿತ್ತು. ಆಗದು ಎಂದವಳು ನಾನು, ಅದೂ ಅಷ್ಟು ಜನರ ಎದುರಿಗೆ, ಅವಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ವಿಮೆಯವನ ಮೇಲೂ ಬಂದಿರಲಿಲ್ಲ. ಸಿಂಕಿನ ಕಡೆ ತಿರುಗಿ ತವ ತೊಳೆಯುವ ನೆಪದಲ್ಲಿ ಅತ್ತೆ. ಅವಳು ತಟ್ಟೆ ತಂದಿಟ್ಟು, ಬ್ಯಾಂಕು ಹನ್ನೆರಡಕ್ಕೆ ಕ್ಲೋಸ್ ಆಗುತ್ತೆ ಎಂದಳು.

ಬ್ಯಾಂಕಿನಲ್ಲಿ ನೋಟರಿ ಮಾಡುವ ಹುಡುಗ ಇಬ್ಬರ ಲೈಸೆನ್ಸನ್ನೂ ನೋಡಿ, ಹಾಳೆಯಲ್ಲಿ ಬರೆದದ್ದೆಲ್ಲ ನಿಜವೇ ಎಂದು ಅವನ ಪಾಠದಂತೆ ಕೇಳಿದ. ಅವಳು ಹೌದು ಎಂದು ಸಹಿ ಹಾಕಿದಳು. ಅವನು ನನ್ನ ಕಡೆ ತಿರುಗಿ ಅದನ್ನೇ ಕೇಳಿದ. ನಾನು ಹೌದು ಎಂದೆ. ಇಡೀ ಬ್ಯಾಂಕಿಗೆ ಕೇಳುವ ಹಾಗೆ ಹೇಳಬೇಕೆಂದಿದ್ದೆ, ದನಿ ಬರಲಿಲ್ಲ. ಅವನು ಇನ್ನೊಮ್ಮೆ ಕೇಳಿದ, ಇನ್ನೊಮ್ಮೆ ಹೇಳಿ ಸಹಿ ಹಾಕಿದೆ.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಕೀ ತಿರುಗಿಸದೆ ಕೇಳಿದೆ. ಅವತ್ತು ಕ್ಲಾಸಿನಲ್ಲಿ ನಾನು ಹಾಗೆ ಹೇಳಿ ಬಂದ ಮೇಲೆ ಮರುದಿನ ಮಕ್ಕಳು ನಿನ್ನನ್ನು ಏನೂ ಕೇಳಲಿಲ್ಲವಾ, ನೀನು ಏನು ಹೇಳಿದೆ ಎಂದು.

ಅವಳು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಿದ್ದಳು.

"ಕೇಳಿದ್ರು. ನಮ್ಮಮ್ಮ ಜೋಕ್ ಮಾಡಿದ್ದು ಅಂತ ಹೇಳ್ದೆ."